ಕರಿಯಯ್ಯನ ಬಲಗಾಲು

ಕರಿಯಯ್ಯನ ಜಗಲಿಯ ಮೇಲೆ ಮೂರು ಸಿಮೆಂಟ್ ಕೊಳವೆ, ಒಂದು ಕಬ್ಬಿಣದ ಜಾಲರಿ, ಕೊಳವೆಯ ತುದಿಗೆ ಹಾಕುವ ಒಂದು ತಗಡಿನ ಟೋಪಿ, ಇಷ್ಟು ಸಾಮಾನು ಎರಡು ತಿಂಗಳಿಂದ ಬಿದ್ದಿತ್ತು. ಅವನ ಕೋಳಿ ಒಂದು ಕೊಳವೆಯನ್ನು ತನ್ನದೆಂದೇ ತಿಳಿದು ಅದರೊಳಗೆ ಮೊಟ್ಟೆಯಿಡಲು ಶುರುಮಾಡಿತ್ತು. ಸಾಮಾನು ಮಾತ್ರ ಸರ್ಕಾರದ್ದು. ಹೊಗೆಯಿಲ್ಲದ ಒಲೆಯ ಇಪ್ಪತ್ತು ಸೆಟ್ಟುಗಳಲ್ಲಿ ಉಳಿದಿದ್ದ ಕೊನೆಯ ಸೆಟ್ಟು ಅದು.

ಕವಲಂದೆ ಪಕ್ಕದ ಬಸವನಕಟ್ಟೆಯಲ್ಲಿ ಕರಿಯಯ್ಯ ಗಾರೆ ಕೆಲಸದವನು. ಹಿಂದಿನ ವರ್ಷ, ಅಂದರೆ ತೊಂಬತ್ತೈದರಲ್ಲಿ, ನಂಜನಗೂಡಿಗೆ ಹೋಗಿ ಹತ್ತು ದಿನ ತರಬೇತಿ ಪಡೆದು ಬಂದಿದ್ದ. ಹೊಗೆಯನ್ನು ಕೊಳವೆ ಹತ್ತಿಸಿ ಸೂರಿನಾಚೆ ಕಳಿಸುವ ಒಲೆಯನ್ನು ತನ್ನ ಕೇರಿಯ ಹತ್ತೊಂಬತ್ತು ಮನೆಗಳಲ್ಲಿ ಕಟ್ಟಿಕೊಟ್ಟಿದ್ದ. ಇಪ್ಪತ್ತನೆಯದು ನಿನಗೇ ಎಂದು ಹೆಂಡತಿ ಮರಿತಾಯಮ್ಮನಿಗೆ ಮಾತು ಕೊಟ್ಟಿದ್ದ. ಆ ಮಾತಿಗೆ ದಿನವೂ ‘ನಾಳೆ’ ಎಂಬ ಬಾಲ ಬೆಳೆಯುತ್ತಿತ್ತು. ಮರಿತಾಯಮ್ಮನ ಕೆಮ್ಮು ಬೆಳಿಗ್ಗೆ ಐದಕ್ಕೆ ಶುರುವಾದರೆ, ಚಳಿಗೆ ನಿಂತ ಮೊದಲ ಬಸ್ಸಿನ ಎಂಜಿನ್ನಿನ ಹಾಗೆ ಹಿಡಿದು ಹಿಡಿದು, ಇನ್ನೇನು ಆರಿತು ಅನ್ನುವಾಗ ಹೊತ್ತಿಕೊಳ್ಳುತ್ತಿತ್ತು.

ಮಾರ್ಚ್ ಮೂವತ್ತರಂದು ಗ್ರಾಮಸೇವಕಿ ಇಂದ್ರಾಣಿ ಬಂದು ಪುಸ್ತಕ ತೆಗೆದು ನೋಡಿದಳು. ಹತ್ತೊಂಬತ್ತೂ ಕೇರಿಯವೇ.

"ದೊಡ್ಡಬೀದೀಲಿ ಒಂದಾದ್ರೂ ಬೇಕು ಕರಿಯಯ್ಯ. ನಾಳೆ ಸಂಜೆ ಐದರ ಬಸ್ಸಿಗೆ ಬತ್ತೀನಿ. ಅಷ್ಟರಲ್ಲಿ ದೊಡ್ಡಬೀದೀಲಿ ಹೊಗೆ ಕೊಳವೆ ಕಂಡ್ರೆ ಮುಂದಿನ ವರ್ಷಕ್ಕೆ ಐವತ್ತು ಸೆಟ್ಟು ನಿಮ್ಮೂರಿಗೆ. ಕಾಣ್ಲಿಲ್ಲ ಅಂದ್ರೆ ಅಷ್ಟೂ ತಿ. ನರಸೀಪುರದ ಕಡೆಗೆ ಹೋಯ್ತವೆ."

ಊರಿನವರ ಮುಂದೆ ಕೇಳಿದ್ದರಿಂದ ಪಂಚಾಯ್ತಿ ಮೆಂಬರ್ ಬೆಟ್ಟಸ್ವಾಮಿ ಬೇರೆ ದಾರಿಯಿಲ್ಲದೆ, ನಮ್ಮನೇಲೇ ಕಟ್ಟಲಿ ಎಂದುಬಿಟ್ಟರು. ಕರಿಯಯ್ಯ ಮನೆಗೆ ಬಂದು, ಸೆಟ್ಟು ಕೈಬಿಟ್ಟ ಸುದ್ದಿಯನ್ನು ಹೆಂಡತಿಗೆ ಹೆದರುತ್ತಲೇ ಹೇಳಿದ. ಬೈಗುಳ ಬರಲಿಲ್ಲ. ಬೆಟ್ಟಸ್ವಾಮಿಯವರ ಕೊಟ್ಟಿಗೆಯಲ್ಲಿ ಸಗಣಿ ಬಾಚುವವಳು ಮರಿತಾಯಮ್ಮನೇ.

"ಪಾಪ, ಆ ಅವ್ವಾರೂ ನನ್ನಂಗೇ ಕೆಮ್ತಾರೆ. ಇತ್ಲಲ್ಲಿ ನಾನು ಕೆಮ್ಮುದ್ರೆ ಒಳಗಿಂದ ಅವರು ಕೆಮ್ತಾರೆ. ಕಟ್ಟೋಗು" ಎಂದಳು.

ಹೆಂಡತಿ ಬೈಯದೆ ಹೋದದ್ದು ಕರಿಯಯ್ಯನಿಗೆ ಸರಿಯೆನಿಸಲಿಲ್ಲ. ಮಾರನೆಯ ಬೆಳಿಗ್ಗೆ ಚೀಲಕ್ಕೆ ಕರಣೆ, ಸುತ್ತಿಗೆ, ತೂಕದ ಗುಂಡು ಹಾಕಿಕೊಳ್ಳುವಾಗ ಗರಗಸ ಕಾಣಲಿಲ್ಲ. ಒಲೆ ಕಟ್ಟಲು ಗರಗಸ ಯಾಕೆ ಎಂದುಕೊಂಡು, ಕೋಳಿಯನ್ನು ಕೊಳವೆಯಿಂದ ಹೊರಗೆಳೆದು, ಗಾಡಿಗೆ ಸಾಮಾನು ಹೇರಿ ದೊಡ್ಡಬೀದಿಗೆ ಹೊರಟ.

ಬೆಟ್ಟಸ್ವಾಮಿ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಅವರ ನಡುಮನೆಗೆ ಹಿಂದಿನ ವರ್ಷ ಹಸಿರು ಆಯಿಲ್ ಪೇಂಟ್ ಹೊಡೆಸಿ, ಧೂಳು ಕೂರುತ್ತದೆಂದು ಕಿಟಕಿಗಳನ್ನೂ ಮುಚ್ಚಿಸಿದ್ದರು. ವರ್ಷ ಕಳೆದರೂ ಒಳಗೆ ಕಾಲಿಟ್ಟವರಿಗೆ ಪೇಂಟಿನ ಡಬ್ಬಿಯೊಳಗೆ ಇಳಿದ ಹಾಗೆ ತಲೆ ಸುತ್ತುತ್ತಿತ್ತು. ಬೆಟ್ಟಸ್ವಾಮಿ ಸದಾ ಜಗಲಿಯ ಮೇಲೆಯೇ ಇರುತ್ತಿದ್ದದ್ದು ಜನಸೇವೆಗೆಂದು ಊರಿನವರು ತಪ್ಪು ತಿಳಿದಿದ್ದರು.

"ಬುದ್ಧಿ, ಒಲೆ ಅಡುಗೆಮನೇಲಿ ತಾನೆ ಕಟ್ಟದು?" ಕರಿಯಯ್ಯ ಕೆಳಗೆ ನಿಂತು ಕೇಳಿದ.

"ಹೂಂ. ಮತ್ತೆ ನಡುಬೀದೀಲಿ ಕಟ್ತಾರಾ?"

"ನಾನು ಒಳಕ್ಕೆ ಬರಂಗಿಲ್ಲ."

"ಬರಂಗಿಲ್ಲ."

"ಮತ್ತೆ ಎಂಗ್ ಕಟ್ಟದು?"

"ಟ್ರೈನಿಂಗ್ ತಗೊಂಡಿರೋನು ನೀನೋ ನಾನೋ?"

ನಂಜನಗೂಡಿನ ಹತ್ತು ದಿನಗಳಲ್ಲಿ ಈ ಪಾಠ ಬಂದಿರಲಿಲ್ಲ. ಕರಿಯಯ್ಯ ತಲೆ ಕೆರೆದುಕೊಂಡ.

"ಈ ಅಡುಗೆಮನೆ ಗ್ವಾಡೆ ಕಟ್ಟಿದ್ದು ನಮ್ಮಪ್ಪ ಸಣ್ಣಯ್ಯ ಅಲ್ವ್ರಾ ಬುದ್ಧಿ? ಮೂರು ತಿಂಗ್ಳು ಒಳಗೇ ಇದ್ದ."

"ಆಗ ಅದು ಅಡುಗೆಮನೆ ಆಗಿರ್ಲಿಲ್ಲ ಕಣ್ಲಾ. ಬರೀ ಗೋಡೆ. ಒಲೆ ಹೂಡಿ ಹಾಲು ಉಕ್ಕಿಸಿದ ಮೇಲಲ್ವಾ ಅಡುಗೆಮನೆ ಆಗೋದು?"

ಕೊನೆಗೆ ಒಂದು ಏರ್ಪಾಡಾಯಿತು. ಕರಿಯಯ್ಯ ಬೀದಿಯಲ್ಲಿ ನಿಂತು ಹೇಳುವುದು, ಬೆಟ್ಟಸ್ವಾಮಿ ನಡುಮನೆಯ ಬಾಗಿಲಲ್ಲಿ ನಿಂತು ಅದನ್ನು ಒಳಕ್ಕೆ ದಾಟಿಸುವುದು, ಅವರ ಹೆಂಡತಿ ಚನ್ನಬಸಮ್ಮ ಒಳಗೆ ಮಣ್ಣು ಮೆತ್ತುವುದು.

"ಜಾಲರಿ ನೆಲದಿಂದ ಮೂರು ಬೆರಳು ಮ್ಯಾಲೆ" ಎಂದ ಕರಿಯಯ್ಯ.

"ಮೂರು ಬೆರಳಂತೆ" ಎಂದರು ಬೆಟ್ಟಸ್ವಾಮಿ.

ಒಳಗಿಂದ ಕೆಮ್ಮು ಬಂತು. ಅದರ ಹಿಂದೆ ಪ್ರಶ್ನೆ ಬಂತು. "ಯಾರ ಬೆರಳು?"

ಮೂವರೂ ತಮ್ಮ ತಮ್ಮ ಬೆರಳು ನೋಡಿಕೊಂಡರು. ಕರಿಯಯ್ಯನ ಬೆರಳೊಂದು ಚನ್ನಬಸಮ್ಮನ ಎರಡು ಬೆರಳಿನಷ್ಟಿತ್ತು. ಮೆಂಬರ್ ಆದಮೇಲೆ ಬೆಟ್ಟಸ್ವಾಮಿಯ ಬೆರಳುಗಳು ಉಂಗುರ ಸೇರಿ ಬೇರೆಯೇ ಅಳತೆಯವಾಗಿದ್ದವು. ಕರಿಯಯ್ಯ ತನ್ನ ಮೂರು ಬೆರಳನ್ನು ಹಂಚಿಕಡ್ಡಿಯ ಮೇಲಿಟ್ಟು ಇದ್ದಿಲಿನಿಂದ ಗುರುತು ಮಾಡಿ, ಕಡ್ಡಿಯನ್ನು ಮೆಟ್ಟಿಲ ಮೇಲಿಟ್ಟು ದೂರ ಸರಿದ. ಬೆಟ್ಟಸ್ವಾಮಿ ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಂಡರು. ನೀರಿಗೆ ಗುರುತು ಅಳಿಸಿಹೋಗಿತ್ತು. ಎರಡನೆಯ ಕಡ್ಡಿಗೂ ಹಾಗೇ ಆಯಿತು. ಮೂರನೆಯ ಕಡ್ಡಿಗೆ ಕರಿಯಯ್ಯ ಕರಣೆಯ ಅಂಚಿನಿಂದ ಗಾಯ ಮಾಡಿಯೇ ಕೊಟ್ಟ.

ಹತ್ತು ಗಂಟೆಗೆ ಒಲೆಯೊಂದು ಎದ್ದಿತು. ಅರ್ಧ ಗಂಟೆಯಲ್ಲಿ ಅದು, ದಿಬ್ಬಣದ ಊಟ ಮುಗಿಸಿದವನಂತೆ, ನಿಧಾನವಾಗಿ ಒಂದು ಪಕ್ಕಕ್ಕೆ ಒರಗಿ ಮಲಗಿಬಿಟ್ಟಿತು. ಇತ್ತ ಹಳೆಯ ಒಲೆಯ ಮೇಲೆ ಮುದ್ದೆಯ ಎಸರು ಕುದಿಯುತ್ತಿತ್ತು. ಹಳೆಯ ಹೊಗೆ ಎಂದಿನಂತೆ ಅಡುಗೆಮನೆ ತುಂಬಿ, ಹೋಗಲು ಜಾಗವಿಲ್ಲದೆ ಚನ್ನಬಸಮ್ಮನ ಕಣ್ಣನ್ನೇ ಹುಡುಕಿಕೊಂಡು ಹೋಗುತ್ತಿತ್ತು.

"ಇದು ಆಗೋ ಮಾತಲ್ಲ" ಎಂದು ಒಳಗಿಂದ ಚನ್ನಬಸಮ್ಮನೇ ಕೂಗಿ ಹೇಳಿದರು. "ಕರಿಯಯ್ಯ, ನೀನು ಹೆಂಚಿನ ಮೇಲೆ ಹತ್ತು. ಕೊಳವೆ ಬರೋ ಜಾಗದಲ್ಲಿ ನಾಲ್ಕು ಹೆಂಚು ತೆಗ್ದು, ಅಲ್ಲಿಂದಲೇ ನೋಡ್ಕೊಂಡು ಹೇಳು."

ಬೆಟ್ಟಸ್ವಾಮಿಗೆ ಅನುಮಾನ ಬಂತು. ಹೆಂಚು ಒಳಗೋ ಹೊರಗೋ? ಇಂಥ ಪ್ರಶ್ನೆಗಳಿಗೆ ಬೀದಿಯಲ್ಲಿ ಒಬ್ಬರೇ ನ್ಯಾಯಾಧೀಶರು, ಎದುರುಮನೆಯ ಚಿಕ್ಕಬಸಮ್ಮ. ಕರೆಯುವ ಮೊದಲೇ ಅವರು ಬಂದು ನಿಂತಿದ್ದರು. ಸೊಂಟಕ್ಕೆ ಕೈಕೊಟ್ಟು ಸೂರನ್ನು ಮೇಲೆ ಕೆಳಗೆ ನೋಡಿ ತೀರ್ಪು ಕೊಟ್ಟರು.

"ಹೆಂಚಿನ ಮೇಲ್ಗಡೆ ಹೊರಗೆ. ಕೆಳಗಡೆ ಒಳಗೆ. ಮೇಲ್ಗಡೆ ಇದ್ರೆ ದೋಷ ಇಲ್ಲ."

ಅಡುಗೆಮನೆಯ ಒಳಗೆ ನಿಲ್ಲಬಾರದು, ಅದರ ತಲೆಯ ಮೇಲೆ ನಿಲ್ಲಬಹುದು ಎಂದಾಯಿತು. ಕರಿಯಯ್ಯ ಏಣಿ ಹತ್ತಿದ. ನಾಲ್ಕು ಹೆಂಚು ಸರಿಸಿ ಇಣುಕಿದ. ಹೊಗೆ ಮುಖಕ್ಕೆ ಬಡಿಯಿತು. ಹೊಗೆಯ ತಳದಲ್ಲಿ ಚನ್ನಬಸಮ್ಮನ ಮುಖ ಕೆರೆಯ ತಳದ ಚಂದ್ರನಂತೆ ಮಸುಕಾಗಿ ಕಂಡಿತು.

"ಅಲ್ಲಿ ಬ್ಯಾಡ, ಕೊಳವೆ ಒಲೆಗೆ ನೇರ ಬರ್ಬೇಕಲ್ವಾ? ಇನ್ನೊಂಚೂರು ಈಚೆಗೆ ಬಾ" ಎಂದರು ಅವರು.

"ಇಲ್ಲಿಗ್ರವ್ವಾ?"

"ಇನ್ನೊಂದು ಹೆಜ್ಜೆ."

"ಇಲ್ಲಿಗಾ?"

"ಅಲ್ಲೇ, ಅಲ್ಲೇ. ಬಲಗಾಲು ಮುಂದಕ್ಕೆ ಇಡಪ್ಪ."

ಕರಿಯಯ್ಯ ಬಲಗಾಲು ಮುಂದಕ್ಕಿಟ್ಟ. ಲಟ್ ಎಂದಿತು. ಹೆಂಚು ಹೊತ್ತಿದ್ದ ರೀಪರ್ ಪಟ್ಟಿ ಮುರಿದು, ಏಳೆಂಟು ಹೆಂಚು ಒಟ್ಟಿಗೆ ಒಳಕ್ಕೆ ಬಿದ್ದು, ಅವುಗಳ ಹಿಂದೆಯೇ ಕರಿಯಯ್ಯನ ಕಾಲು ತೊಡೆಯವರೆಗೂ ಅಡುಗೆಮನೆಗೆ ಇಳಿಯಿತು. ಉಳಿದ ಕರಿಯಯ್ಯ ಮೇಲೆಯೇ, ಎರಡೂ ಕೈಯಲ್ಲಿ ಸೂರನ್ನು ತಬ್ಬಿಕೊಂಡು ಸಿಕ್ಕಿಬಿದ್ದ.

"ಅಯ್ಯೋ! ಒಳಕ್ಕೆ ಬಂದುಬಿಟ್ಟ!" ಚಿಕ್ಕಬಸಮ್ಮ ಕೂಗಿದರು.

"ಎಲ್ಲಿ ಬಂದ? ಮೇಲೇ ಅವ್ನಲ್ಲ" ಎಂದರು ಬೆಟ್ಟಸ್ವಾಮಿ.

"ಎಷ್ಟು ಒಳಗೆ ಅವ್ನೆ ಚನ್ನಬಸಮ್ಮಾ?" ಚಿಕ್ಕಬಸಮ್ಮ ಒಳಕ್ಕೆ ಕೂಗಿ ಕೇಳಿದರು.

"ತೊಡೆತನಕ!"

"ಒಂದು ಕಾಲಾ, ಎರಡಾ?"

"ಒಂದೇ!"

ಚಿಕ್ಕಬಸಮ್ಮ ಲೆಕ್ಕ ಹಾಕಿದರು. "ಹಂಗಾದ್ರೆ ಮುಕ್ಕಾಲು ಆಸಾಮಿ ಹೊರಗೇ ಅವ್ನೆ..."

"ನ್ಯಾಯ ಆಮ್ಯಾಕೆ ಮಾಡ್ರವ್ವಾ!" ಮೇಲಿಂದ ಕರಿಯಯ್ಯ ಅರಚಿದ. "ಕೆಳಗೆ ಎಸರು ಕುದೀತಾ ಅದೆ! ಅಂಗಾಲು ಬೇಯ್ತಾ ಅದೆ!"

ಕೆಳಗಿಂದ ತಳ್ಳಬೇಕು, ಯಾರು ಮುಟ್ಟುವುದು? ಮೇಲಿಂದ ಎಳೆಯಬೇಕು, ಇಬ್ಬರ ಭಾರಕ್ಕೆ ಸೂರೇ ಕೂತರೆ? ಬೆಟ್ಟಸ್ವಾಮಿ ಅತ್ತ ಎರಡು ಹೆಜ್ಜೆ ಇತ್ತ ಎರಡು ಹೆಜ್ಜೆ ಓಡಾಡಿದರು. ಆಗ ಚನ್ನಬಸಮ್ಮ ಮುದ್ದೆ ತಿರುವುವ ಕೋಲನ್ನೆತ್ತಿ, ಅದರ ತುದಿಯನ್ನು ಕರಿಯಯ್ಯನ ಅಂಗಾಲಿಗೆ ಕೊಟ್ಟು ಮೇಲಕ್ಕೆ ಒತ್ತಿದರು. ಅವನಿಗೆ ಕಚಗುಳಿಯಾಯಿತು. ಬೀದಿಯ ಜನರಿಗೆ ಕಂಡದ್ದು, ಸೂರಿನ ಮೇಲೆ ಬೋರಲು ಬಿದ್ದು ಅಳುತ್ತ ನಗುತ್ತಿದ್ದ ಒಬ್ಬ ಮನುಷ್ಯ. ಇನ್ನೊಂದು ಒತ್ತಿಗೆ ಕಾಲು ಕಿತ್ತುಕೊಂಡು ಬಂತು. ಕರಿಯಯ್ಯ ಹೆಂಚಿನ ಇಳಿಜಾರಿನಲ್ಲಿ ಜಾರಿ ಹಿತ್ತಲಿನ ಹುಲ್ಲಿನ ಮೆದೆಯ ಮೇಲೆ ಬಿದ್ದ. ಕೊಟ್ಟಿಗೆಯಲ್ಲಿದ್ದ ಮರಿತಾಯಮ್ಮ ಬಂದು ನೋಡಿ, "ಮುರ್ದಿಲ್ಲ, ಉಳುಕ್ಯದೆ ಅಷ್ಟೆ" ಎಂದು, ನೆತ್ತಿಯ ಹುಲ್ಲು ಕೊಡವಿ ಮತ್ತೆ ಸಗಣಿ ಬಾಚಲು ಹೋದಳು.

ಅಡುಗೆಮನೆಯಲ್ಲಿ ಈಗ ಒಂದು ಹೊಸ ಸಂಗತಿ ನಡೆದಿತ್ತು. ಸೂರಿನ ತೂತಿನಿಂದ ಬಿಸಿಲು ಕಂಬದಂತೆ ಇಳಿದಿತ್ತು. ಆ ಕಂಬವನ್ನೇ ಹಿಡಿದುಕೊಂಡು ಹೊಗೆ ಸರಸರ ಮೇಲೇರಿ ಹೋಗುತ್ತಿತ್ತು. ಬೈಯಲೆಂದು ಒಳಕ್ಕೆ ಬಂದ ಬೆಟ್ಟಸ್ವಾಮಿ ಬೈಯುವುದನ್ನು ಮರೆತು ನಿಂತರು. ಉಣ್ಣುವಾಗ ನಡುಮನೆಗೇ ತಟ್ಟೆ ಬರುವುದರಿಂದ ಅವರು ಈ ಕೋಣೆಯನ್ನು ಹಗಲಿನಲ್ಲಿ ನೋಡಿ ವರ್ಷಗಳಾಗಿದ್ದವು. ಗೋಡೆಗಳು ಎಮ್ಮೆಯ ಮೈಯಂತೆ ಕಪ್ಪಗೆ, ಜಿಡ್ಡಿನಿಂದ ಮಿರಿಮಿರಿ ಮಿನುಗುತ್ತಿದ್ದವು. ಬಿಸಿಲಲ್ಲಿ ಹೆಂಡತಿ ನಿಂತಿದ್ದರು.

"ನಿನ್ನ ಕಣ್ಣು ಯಾವಾಗಿಂದ ಹಿಂಗೆ ಕೆಂಪಗವೆ?" ಎಂದು ಕೇಳಿದರು.

"ಮದ್ವೆ ಆದಾಗಿಂದ" ಎಂದರು ಚನ್ನಬಸಮ್ಮ.

ಬೆಟ್ಟಸ್ವಾಮಿ ಬಾಯಿಗೆ ಬಂದ ಎಲೆಯಡಿಕೆ ರಸವನ್ನು ನುಂಗಿಕೊಂಡರು. ಅಷ್ಟರಲ್ಲಿ ಚಿಕ್ಕಬಸಮ್ಮ ಬಾಗಿಲಲ್ಲಿ ನಿಂತು ಶುದ್ಧಿಯ ಕ್ರಮ ಹೇಳತೊಡಗಿದ್ದರು. "ನಮ್ಮತ್ತೆ ಕಾಲದಲ್ಲಿ ನಾಯಿ ಒಳಕ್ಕೆ ನುಗ್ದಾಗ ಹಿಂಗೇ ಮಾಡಿದ್ದು. ಪಾತ್ರೆ ಪಡಗ ಎಲ್ಲ ಆಚೆಗೆ ಹಾಕ್ಬೇಕು. ಆಮೇಲೆ ಗೋಡೆಗೆ ಸುಣ್ಣ."

"ಹಳೇ ಒಲೆ ಇರ್ಲಾ ಅಕ್ಕಾ?" ಚನ್ನಬಸಮ್ಮ ಬಹಳ ವಿನಯದಿಂದ ಕೇಳಿದರು.

"ಛೇ ಛೇ, ಒಲೆಗೇ ಮೊದಲು ಮೈಲಿಗೆ. ಒಡೆದು ಆಚೆಗೆ ಹಾಕು!"

"ಸುಣ್ಣ ಯಾಕೆ? ನಡುಮನೇದು ಅರ್ಧ ಡಬ್ಬ ಆಯಿಲ್ ಪೇಂಟ್ ಉಳ್ದಿದೆ" ಎಂದರು ಬೆಟ್ಟಸ್ವಾಮಿ.

"ಪೇಂಟು ಯಾರು ಏನು ಹಾಕಿ ಮಾಡವ್ರೋ! ಶುದ್ಧಿಗೆ ಸುಣ್ಣವೇ ಆಗ್ಬೇಕು."

ಸುಣ್ಣವೇ ಆಗಬೇಕು, ಸರಿ. ಬಳಿಯುವವರು ಯಾರು? ಬೆಟ್ಟಸ್ವಾಮಿ ಚಿಕ್ಕಬಸಮ್ಮನ ಮುಖ ನೋಡಿದರು, ಚಿಕ್ಕಬಸಮ್ಮ ಸೂರಿನ ತೂತು ನೋಡಿದರು. ಬಸವನಕಟ್ಟೆಯಲ್ಲಿ ಸುಣ್ಣ ಬಳಿಯುವವನು ಒಬ್ಬನೇ. ಈಗ ಹಿತ್ತಲಿನಲ್ಲಿ ಕಾಲು ಹಿಡಿದುಕೊಂಡು ಕೂತಿದ್ದ.

"ನನ್ನ ಕಾಲಿನ ಮೈಲಿಗೆ ತೆಗೆಯಾಕೆ ನನ್ನೇ ಕರೀತೀರಾ ಬುದ್ಧಿ?" ಕರಿಯಯ್ಯ ಬೆರಗಾಗಿ ಕೇಳಿದ.

"ಪಾತ್ರೆ ಎಲ್ಲ ಆಚೆಗೆ ಬಂತು. ಒಲೆ ಒಡೆದಾಯ್ತು. ಈಗ ಅದು ಅಡುಗೆಮನೆ ಅಲ್ಲ ಕಣ್ಲಾ, ಬರೀ ಗೋಡೆ" ಎಂದರು ಬೆಟ್ಟಸ್ವಾಮಿ, ಕರಿಯಯ್ಯನ ಕಣ್ಣು ತಪ್ಪಿಸಿ.

"ಬೆಳಿಗ್ಗೇನೆ ಪಾತ್ರೆ ಆಚೆಗೆ ಆಕಿದ್ರೆ?"

ಕರಿಯಯ್ಯ ಕುಂಟುತ್ತ, ಮುಂಬಾಗಿಲಿನಿಂದಲೇ, ಹಸಿರು ನಡುಮನೆಯ ನಟ್ಟನಡುವೆ ಸುಣ್ಣದ ಬಕೆಟ್ ಹಿಡಿದು ನಡೆದುಹೋದ. ಅಪ್ಪ ಸಣ್ಣಯ್ಯ ಕಟ್ಟಿದ ಗೋಡೆಯನ್ನು ಮಗ ಮೊದಲ ಸಲ ಒಳಗಿನಿಂದ ನೋಡಿದ. ಅಂಗೈಯಿಂದ ಒಮ್ಮೆ ತಟ್ಟಿದ. ಅಪ್ಪನ ಕೆಲಸ ಒಂದು ಕೂದಲೆಳೆಯಷ್ಟೂ ಸೊಟ್ಟಗಾಗಿರಲಿಲ್ಲ.

"ಈ ಸುಣ್ಣ ಐತಲ್ಲ ಬುದ್ಧಿ, ಗ್ವಾಡೆ ಉಸಿರಾಡಕ್ಕೆ ಬುಡ್ತದೆ" ಎಂದ, ಮಸಿ ಕೆರೆದು ಕುಂಚ ಅದ್ದುತ್ತ. "ಒಳಗಿನ ತ್ಯಾವ ನಿಲ್ಲಲ್ಲ, ನಾತ ನಿಲ್ಲಲ್ಲ. ನಿಮ್ಮ ನಡುಮನೆ ಪೇಂಟು ಗ್ವಾಡೆ ಮೂಗು ಮುಚ್ಚೈತೆ. ಅದ್ಕೇ ನೀವು ಜಗ್ಲಿ ಮ್ಯಾಲೆ ಇರದು."

ಬೆಟ್ಟಸ್ವಾಮಿ ಹೋಗಿ ನಡುಮನೆಯ ಒಂದು ಕಿಟಕಿ ತೆರೆದು ಬಂದರು.

ಎರಡು ಸುತ್ತು ಸುಣ್ಣ ಮುಗಿಯುವಷ್ಟರಲ್ಲಿ ಎರಡೂವರೆ. ಒಲೆ ಕಟ್ಟಲು ಹಿಡಿದದ್ದು ಒಂದೂವರೆ ಗಂಟೆ. ಮೂರು ಬೆರಳೆಂದರೆ ಕರಿಯಯ್ಯನ ಮೂರು ಬೆರಳು, ಗೇಣೆಂದರೆ ಅವನದೇ ಗೇಣು. ಕೊಳವೆಯನ್ನು ತನ್ನ ಕಾಲು ಬಂದ ದಾರಿಯಲ್ಲೇ ಮೇಲಕ್ಕೆ ಕಳಿಸಿ, ಪಕ್ಕದಲ್ಲಿ ಬೆಳಕಿಗೆಂದು ಒಂದು ಗಾಜಿನ ಹೆಂಚಿಟ್ಟು, ಗಾಳಿಯಾಡಲು ಅದರ ಅಂಚನ್ನು ನಾಲ್ಕು ಬೆರಳು ಎತ್ತಿ ನಿಲ್ಲಿಸಿದ. ಆಗ ಮುರಿದ ರೀಪರ್ ತುಂಡು ಕೈಗೆ ಸಿಕ್ಕಿತು. ಮರ ಗಟ್ಟಿಯಾಗಿತ್ತು. ಮುಕ್ಕಾಲು ಭಾಗ ಎಳೆ ಹಿಡಿದ ಹಾಗೆ ನೇರವಾಗಿ ತುಂಡಾಗಿತ್ತು, ಕಾಲು ಭಾಗ ಮಾತ್ರ ಸಿಬಿರೆದ್ದು ಮುರಿದಿತ್ತು. ಗೋಡೆಯ ನೆತ್ತಿಯ ಮೇಲೆ ಹೊಸದಾಗಿ ಉದುರಿದ ಮರದ ಹೊಟ್ಟು.

ಕರಿಯಯ್ಯ ತುಂಡನ್ನು ಚನ್ನಬಸಮ್ಮನ ಮುಂದೆ ಹಿಡಿದ. "ಇದೇನ್ರವ್ವಾ?"

"ಗೆದ್ಲು" ಎಂದರು ಚನ್ನಬಸಮ್ಮ.

"ಗೆದ್ಲು ಇಷ್ಟು ನೇರವಾಗಿ ತಿಂತದಾ?"

"ನಮ್ಮನೆ ಗೆದ್ಲು ಮೂವತ್ತು ವರ್ಷದಿಂದ ಹೊಗೆ ಕುಡ್ದಿದ್ದು ಕಣಪ್ಪ. ಅದಕ್ಕೂ ಸಾಕಾಗಿತ್ತು." ಅವರು ತುಂಡನ್ನು ಅವನ ಕೈಯಿಂದಲೇ ತೆಗೆದುಕೊಂಡು ಹೊಸ ಒಲೆಗೆ ತುರುಕಿ ಬೆಂಕಿ ಹಚ್ಚಿದರು. ನೀರು ಚಿಮುಕಿಸುವ ಶಾಸ್ತ್ರ ಇಬ್ಬರಿಗೂ ನೆನಪಾಗಲಿಲ್ಲ.

ಐದರ ಬಸ್ಸಿಗೆ ಇಂದ್ರಾಣಿ ಬಂದಾಗ ದೊಡ್ಡಬೀದಿಯ ಜನರೆಲ್ಲ ತಲೆಯೆತ್ತಿ ನಿಂತಿದ್ದರು. ತಗಡಿನ ಟೋಪಿಯ ಕೆಳಗಿನಿಂದ ಹೊಗೆ ತೆಳ್ಳಗೆ, ಬಹಳ ಮರ್ಯಾದಸ್ಥನ ಹಾಗೆ ಹೊರಟು ಹೋಗುತ್ತಿತ್ತು. ಒಳಗೆ ಬೆಳ್ಳಗಿನ ಗೋಡೆ, ಗಾಜಿನ ಬೆಳಕು. ಇಂದ್ರಾಣಿ ಪುಸ್ತಕದಲ್ಲಿ ಇಪ್ಪತ್ತೆಂದು ಬರೆದು, "ಐವತ್ತು ಸೆಟ್ಟು ನಿಮ್ಮೂರಿಗೇ" ಎಂದಳು.

ಚನ್ನಬಸಮ್ಮ ಬೆಲ್ಲದ ಕರಿ ಕಾಫಿಯನ್ನು ಎರಡು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಒಂದನ್ನು ಇಂದ್ರಾಣಿಗೂ ಒಂದನ್ನು ಕರಿಯಯ್ಯನಿಗೂ ಅಲ್ಲೇ, ಒಲೆಯ ಮುಂದೆಯೇ ಕೊಟ್ಟರು. ಬಾಗಿಲಲ್ಲಿದ್ದ ಚಿಕ್ಕಬಸಮ್ಮ ಬಾಯಿ ತೆರೆದರು.

"ಹಾಲು ಉಕ್ಕೋವರ್ಗೂ ಇದು ಅಡುಗೆಮನೆ ಅಲ್ಲ, ಅಲ್ವಾ ಅಕ್ಕಾ?" ಎಂದರು ಚನ್ನಬಸಮ್ಮ. "ಸದ್ಯಕ್ಕೆ ಹಾಲು ಉಕ್ಕಿಸೋ ಅವಸರ ನನಗಿಲ್ಲ. ಕರಿ ಕಾಫೀನೇ ಚೆನ್ನಾಗಿರ್ತದೆ."

ಬೆಟ್ಟಸ್ವಾಮಿ ಏನೋ ಹೇಳಲು ಹೋಗಿ, ಹೆಂಡತಿಯ ಕಣ್ಣು ನೋಡಿ, "ನನಗೂ ಒಂದು ಲೋಟ" ಎಂದರು.

"ಐವತ್ತರಲ್ಲಿ ಮೊದಲನೇದು ನಮ್ಮನೆಗೆ ಮೇಡಂ" ಎಂದು ಕರಿಯಯ್ಯ ಬಸ್‌ಸ್ಟಾಪಿನವರೆಗೂ ಕುಂಟಿಕೊಂಡು ಹೋಗಿ ಕೇಳಿಕೊಂಡ.

"ಖಂಡಿತ. ಜೂನ್‌ನಲ್ಲಿ ಬತ್ತವೆ. ಅಲ್ಲಿವರ್ಗೂ ಕಾಯಿ" ಎಂದು ಇಂದ್ರಾಣಿ ಬಸ್ಸು ಹತ್ತಿದಳು.

ವಾಪಸು ಬರುವಾಗ ಚಿಕ್ಕಬಸಮ್ಮ ಮನೆಯ ಮೂಲೆಯಲ್ಲಿ ಕಾದು ನಿಂತಿದ್ದರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಕರಿಯಯ್ಯ, ನಾಳೆ ನಮ್ಮ ಹೆಂಚಿನ ಮೇಲೂ ಒಂದ್ಸಲ ಹತ್ತಪ್ಪ."

"ಯಾಕ್ರವ್ವಾ? ಸೋರ್ತದಾ?"

"ಸೋರಲ್ಲ. ಹತ್ತಿ, ಕಾಲು ಜಾರಿಸು. ಸೆಟ್ಟು ಯಾವಾಗಾದ್ರೂ ಬರ್ಲಿ, ತೂತು, ಸುಣ್ಣ, ಗಾಜಿನ ಹೆಂಚು ಇಷ್ಟಾದ್ರೂ ಆಗ್ಲಿ."

ಕರಿಯಯ್ಯ ನಿಂತುಬಿಟ್ಟ. "ಅಲ್ರವ್ವಾ, ಮನೆಗೆ ಬಾಗ್ಲು ಅನ್ನದು ಒಂದು ಅದೆ ಅಲ್ವ್ರಾ? ಅದರಿಂದ ಕರೀರಿ, ಬತ್ತೀನಿ."

"ಬಾಗ್ಲಿಂದ ಬಂದ್ರೆ ನಮ್ಮೆಜಮಾನ್ರು ಒಪ್ಪಲ್ಲ. ಮೇಲಿಂದ ಬಿದ್ರೆ ಯಾರು ಏನು ಮಾಡಕ್ಕಾಯ್ತದೆ ಹೇಳು?"

"ಕರೆಯೋ ದಿನ ಬರ್ತದೆ, ಆವಾಗ ಬತ್ತೀನಿ" ಎಂದು ಕರಿಯಯ್ಯ ಮುಂದೆ ಹೊರಟ. ಆದರೆ ಅವನು ಬೀದಿ ದಾಟುವಷ್ಟರಲ್ಲಿ ಇನ್ನೂ ಆರು ಹೆಂಗಸರು, ಆರು ಬಾಗಿಲುಗಳ ಸಂದಿಯಿಂದ, ತಮ್ಮ ತಮ್ಮ ಸೂರನ್ನು ಕಣ್ಣಲ್ಲೇ ತೋರಿಸಿದ್ದರು. ಕೊನೆಯ ಮನೆಯವರು ಮಾತ್ರ ಬಾಗಿಲನ್ನು ಪೂರ್ತಿ ತೆರೆದು, ಹೊಸಿಲಿನ ಮೇಲೆ ನಿಂತು, "ಕಾಲು ಹೆಂಗದೆ ಕರಿಯಯ್ಯ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

ಮನೆ ಸೇರಿದಾಗ ಬಲಗಾಲು ಕುಂಬಳಕಾಯಿಯಾಗಿತ್ತು. ಮರಿತಾಯಮ್ಮ ಹುಣಸೆಸೊಪ್ಪು ಬೇಯಿಸಿ ಕಾವು ಕೊಟ್ಟಳು. ಅಡುಗೆಮನೆ ತುಂಬ ಹೊಗೆ. ಊರಿಗೆಲ್ಲ ಇಪ್ಪತ್ತು ಒಲೆ ಕಟ್ಟಿದವನು ತನ್ನ ಮನೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಗೋಡೆಗೊರಗಿದ. ಎದುರಿನ ಮೊಳೆಯಲ್ಲಿ ಗರಗಸ ತೂಗುತ್ತಿತ್ತು. ಹಲ್ಲುಗಳಿಗೆ ಕರಿ ಮಸಿ ಮೆತ್ತಿತ್ತು.

"ಇದು ಬೆಳಿಗ್ಗೆ ಇರ್ಲಿಲ್ಲವಲ್ಲ?"

"ನಿನ್ನೆ ಸಂಜೆ ಅವ್ವಾರ್ಗೆ ಕೊಟ್ಟಿದ್ದೆ. ಇತ್ಲಲ್ಲಿ ಇಬ್ರೂ ಕೆಮ್ಕೊಂಡು ಮಾತಾಡ್ಕೊಂಡೊ. ಮದ್ಯಾನ ವಾಪಸ್ ಕೊಟ್ರು."

ಕರಿಯಯ್ಯ ಏನೋ ಹೊಳೆದು ಮೆಲ್ಲನೆ ಕತ್ತೆತ್ತಿದ. ಒಲೆಯ ನೆತ್ತಿಗೆ ಸರಿಯಾಗಿ, ತನ್ನ ಮನೆಯ ಹೆಂಚು ಹೊತ್ತ ರೀಪರಿನಲ್ಲಿ ಎಳೆ ಹಿಡಿದಷ್ಟು ನೇರವಾದ ಹೊಸ ಕೊಯ್ತ.

"ಇದ್ಯಾವ ಗೆದ್ಲು?" ಎಂದ.

"ಅದೇ ಗೆದ್ಲು ಕಣ" ಎಂದಳು ಮರಿತಾಯಮ್ಮ. "ಎರಡು ತಿಂಗ್ಳಿಂದ ನಾಳೆ ನಾಳೆ ಅಂತಿದ್ದೆ. ನೀನು ಬಿದ್ರೇನೆ ಕೆಲ್ಸ ಮಾಡದು ಅಂತ ಇವತ್ತು ಗೊತ್ತಾಯ್ತು. ಎಂಗೂ ನಮ್ಮನೇಲಿ ನೀನು ಬಿದ್ರೆ ಮೈಲಿಗೆ ಆಗಕ್ಕಿಲ್ಲ."

"ಕಾಲು ನೋಡು ಎಂಗ್ ಊದೈತೆ! ಎಂಗಮ್ಮಿ ಹತ್ಲಿ?"

ಮರಿತಾಯಮ್ಮ ಸೊಪ್ಪಿನ ಬಟ್ಟೆ ಹಿಂಡುತ್ತ, ಅವನನ್ನು ಸೊಂಟದಿಂದ ಕೆಳಗೆ ಒಮ್ಮೆ ಸಾವಕಾಶವಾಗಿ ನೋಡಿದಳು.

"ಎಡಗಾಲು ಸರಿಯಾಗೇ ಅದೆಯಲ್ಲ" ಎಂದಳು.